ಎರಡು ಶಿಲುಬೆಯ ನಾಣ್ಯ

ತಮ್ಮಾ ಎಲೂತೆರಿಯೊ,

ಶೇಂಗಾ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊ. ನಾನು ಚಿಕ್ಕಮ್ಮನ ಮನೆಗೆ, ಸುಕ್ರೆಗೆ ಹೊರಟೆ.

ನಿನ್ನೆ ಇಗರ್ಜಿಯಲ್ಲಿ ನಿನ್ನ ಮಗ ಮದುವೆಯ ವಾಡಿಕೆಯಂತೆ ಹದಿಮೂರು ನಾಣ್ಯಗಳನ್ನು ಮದುಮಗಳ ಬೊಗಸೆಗೆ ಸುರಿದಾಗ ನನ್ನದೂ ಬಿತ್ತು. ಸ್ಪೇನಿನ ರಾಜರ ಕಾಲದಲ್ಲಿ ನಮ್ಮೂರ ಟಂಕಸಾಲೆಯವನು ಕೈತಪ್ಪಿ ಅಚ್ಚನ್ನು ಎರಡು ಸಲ ಬಡಿದು, ಎರಡು ಶಿಲುಬೆ ಮೂಡಿದ್ದ ನಾಣ್ಯ. ನಾನು ಕೂಡಿಟ್ಟ ತಪ್ಪು ನಾಣ್ಯಗಳಲ್ಲಿ ಅಂಥದ್ದು ಅದೊಂದೇ. ಮದುವೆಗೆ ಫಳಫಳ ಅನ್ನಲೆಂದು ನಿಂಬೆ, ಬೂದಿ ಹಾಕಿ ಉಜ್ಜಿದ್ದೀಯ; ಎರಡನೆಯ ಶಿಲುಬೆ ಅಳಿಸಿಯೇ ಹೋಗಿದೆ, ಅಂಚಿನ ಸೀಳು ನೋಡಿ ಗುರುತು ಹಿಡಿದೆ.

ಹೋದ ವಾರ ಅದು ಕಾಣದಾದಾಗ "ಇಲಿ ಎಳ್ಕೊಂಡ್ ಹೋಗಿರ್ಬೇಕು ಬಿಡಕ್ಕಾ" ಅಂದೆಯಲ್ಲ, ನನ್ನ ಜೊತೆ ಮಂಚದಡಿಯೂ ಹುಡುಕಿದೆಯಲ್ಲ!

ಸೊಸೆಯಿಂದ ವಾಪಸು ಕೇಳಬೇಡ, ಅದೀಗ ಅವಳದು. ನನ್ನ ನಾಣ್ಯದ ಪೆಟ್ಟಿಗೆಯ ಕೀಲಿಯನ್ನು ನಾನೇ ಒಯ್ಯುತ್ತಿದ್ದೇನೆ. ಇಪ್ಪತ್ತು ವರ್ಷ ಅದನ್ನು ಅಡುಗೆಮನೆಯ ಮೊಳೆಗೆ, ನಿನ್ನ ಕಣ್ಣೆದುರೇ ತೂಗುಹಾಕಿದ್ದೆ.

ಹೊನೊರಾತಾ