ರಟ್ಟಿನ ಅಳತೆ

ಮಾರ್ಚ್ ೧೧, ಮಂಗಳವಾರ

ನಿನ್ನೆ ಕೆಟ್ಟ ಕನಸು. ಮಗಳಿಗೆ ಹುಟ್ಟುವ ಕೂಸಿಗೆಂದು ಹಳೇ ಬಟ್ಟೆಯ ಚೌಕಗಳನ್ನು ಜೋಡಿಸಿ ಹೊಲಿಯುತ್ತಿರುವ ಕೌದಿ ಹಿಗ್ಗುತ್ತಾ ಹಿಗ್ಗುತ್ತಾ ಬಾಗಿಲು ದಾಟಿ ಹೋಯಿತು. ಅದರೊಳಗೆ ಕೂಸು ಎಲ್ಲೂ ಸಿಗಲಿಲ್ಲ.

ಇವತ್ತು ಅತ್ತಿಗೆ ಬಂದು, ಅದೇ ಕೌದಿಗೆ ತಾವು ಹೊಲಿದ ಚೌಕಗಳ ಪಕ್ಕ ನನ್ನವನ್ನು ಇಟ್ಟು ನೋಡಿದರು. ಒಂದೂ ಹೊಂದಲಿಲ್ಲ. ನನ್ನವು ಒಂದಕ್ಕಿಂತ ಒಂದು ದೊಡ್ಡವು.

"ಅಲ್ಲ ಕಣೇ, ನಾನು ಕೊಟ್ಟ ಅಳತೆ ರಟ್ಟು ಇಟ್ಟು ಗೆರೆ ಎಳಿ ಅಂದ್ರೆ, ಪ್ರತಿ ಸಲ ಹಿಂದೆ ಕತ್ತರಿಸಿದ ತುಂಡನ್ನೇ ಇಟ್ಟು ಎಳೆದಿದ್ದೀಯಲ್ಲ! ಕೂಸು ಹುಟ್ಟೋ ಮೊದ್ಲೇ ಬಟ್ಟೆ ಬೆಳೀತಿದೆ!"

"ರಟ್ಟಿನ ಮೂಲೆ ಸವೆದುಹೋದ್ರೆ ಅಂತ ಎತ್ತಿಟ್ಟಿದ್ದೆ ಅತ್ತಿಗೆ."

ಅವರು ನಕ್ಕೇ ನಕ್ಕರು. ನನಗೆ ಅಳು ಬಂತು. ಇದೆಲ್ಲ ಮಗಳು ಚಿಕ್ಕವಳಿದ್ದಾಗ ಹಾಕಿದ ಫ್ರಾಕುಗಳ ಬಟ್ಟೆ, ಹಾಳಾದರೆ ಯಾವ ಅಂಗಡಿಯಿಂದ ತರಲಿ?

ಸಂಜೆಯಿಂದ ಹೊಲಿಗೆ ಬಿಚ್ಚುತ್ತಿದ್ದೇನೆ. ಬಿಚ್ಚುವಾಗ ಮಾತ್ರ ನನ್ನ ಹೊಲಿಗೆ ಎಷ್ಟು ಗಟ್ಟಿ, ಹಾಳಾದ್ದು! ಶಾಲೆಯಲ್ಲೂ ಹೀಗೇ. ಬರೆದದ್ದನ್ನು ಅಳಿಸುವುದರಲ್ಲೇ ನಾಲ್ಕನೇ ಕ್ಲಾಸು ಮುಗಿಯಿತು, ಆಮೇಲೆ ಶಾಲೆ ಬಿಡಿಸಿದರು.

ಇನ್ನು ರಟ್ಟು ಇಟ್ಟು, ಗೆರೆ ಎಳೆದು, ಹೆಚ್ಚಾದದ್ದನ್ನು ಕತ್ತರಿಸಬೇಕು. ಕತ್ತರಿ ಪಕ್ಕದಲ್ಲೇ ಇದೆ, ಧೈರ್ಯ ಬರುತ್ತಿಲ್ಲ. ಒಮ್ಮೆ ಕತ್ತರಿಸಿದರೆ ಮತ್ತೆ ಬೆಳೆಯುವುದಿಲ್ಲವಲ್ಲ. ನಾಳೆ ಅತ್ತಿಗೆ ಬಂದ ಕೂಡಲೇ, ಕತ್ತರಿ ಹಾಕುವ ಮೊದಲು ಆ ರಟ್ಟನ್ನೇ ಇನ್ನೊಂದು ಸಲ ಅಳೆದು ನೋಡಿ ಅನ್ನಬೇಕು.