ಸಪ್ಪಳದ ಪ್ರೆಸ್

ಬಾಗೇವಾಡಿ, ೧೧-೩-೧೯೭೬, ಗುರುವಾರ.

ಅಣ್ಣ ಖಂಡೆಪ್ಪನ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ಮನೆ ಪಾಲು ಮಾಡುವಾಗ ಹಿರಿಯರ ಮುಂದೆ, "ಇವನ ಖಟಖಟಕ್ಕ ನನಗ ಮಧ್ಯಾಹ್ನ ನಿದ್ದಿ ಹತ್ತಂಗಿಲ್ರಿ" ಎಂದು ನಾನು ಕೆಲಸ ಮಾಡುತ್ತಿದ್ದ ಪಡಸಾಲೆಯನ್ನೇ ಕಸಿದುಕೊಂಡ. ನನಗೆ ಉಳಿದದ್ದು ಹಿಂದಿನ ಕೋಣೆ. ಅದರ ಗೋಡೆಯಾಚೆಗೇ ಅವನ ಮಂಚ.

ಪಂಪಿನ ವಾಷರ್ ಕತ್ತರಿಸಲು ಹೊಸ ಪ್ರೆಸ್ ಬೇಕೆಂದು ಇವತ್ತು ವಿಜಾಪುರಕ್ಕೆ ಹೋಗಿದ್ದೆ. ಅಂಗಡಿಯವನು ಎರಡು ನಮೂನೆ ತೋರಿಸಿದ. "ಕೈಲೆ ತಿರುಗಿಸೋದು ಧಡ್ ಧಡ್ ಅಂತೈತ್ರಿ, ರಟ್ಟಿನೂ ನೋಯ್ತಾವು. ಹೈಡ್ರಾಲಿಕ್ ಒಯ್ರಿ, ಒಂದೀಟೂ ಸಪ್ಪಳ ಇಲ್ಲ."

ಪಾಪ, ನನ್ನ ಒಳ್ಳೆಯದಕ್ಕೇ ಹೇಳಿದ. ಹೈಡ್ರಾಲಿಕ್ಕೇ ಉತ್ತಮವೆಂದು ನನಗೂ ಗೊತ್ತು. ಆದರೂ ಕೈ ಪ್ರೆಸ್ಸನ್ನೇ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದೆ. ಆ ಗೋಡೆಗೆ ಹತ್ತಿಸಿಯೇ ಕೂರಿಸಿದ್ದೇನೆ. ರಟ್ಟೆ ನೋಯುವುದಾದರೆ ನೋಯಲಿ.

ನಾಳೆ ಅಣ್ಣ ಉಂಡು ಮಲಗಲಿ.