ಅಪ್ಪ ಮುಚ್ಚಿದ ಗೋಡೆ

ಅಕ್ಟೋಬರ್ ೧೪, ಫ್ರೆಸ್ನೊ

ನಿದ್ದೆ ಹತ್ತುತ್ತಿಲ್ಲ. ಹಿತ್ತಲಲ್ಲಿ ಅಪ್ಪನಿಗೆಂದೇ ಕಟ್ಟಿಸುತ್ತಿರುವ ಪುಟ್ಟ ಮನೆಯ ಗೋಡೆಗಳಿಗೆ ಭಾನುವಾರ ಅಪ್ಪನೇ ಹಳೇ ಗೆಳೆಯರನ್ನು ಕಟ್ಟಿಕೊಂಡು ಜಿಪ್ಸಂ ಹಲಗೆ ಹೊಡೆದುಬಿಟ್ಟ. ನಾನು ಕೆಲಸದಿಂದ ಬರುವಷ್ಟರಲ್ಲಿ ಮಾಂಸ ಸುಡುತ್ತಾ, ಬಿಯರ್ ಕುಡಿಯುತ್ತಾ ಕೂತಿದ್ದರು.

"ಕೈಯಾಡಿಸಿ ನೋಡೇ ಮಗಳೇ, ಎಲ್ಲಾದ್ರೂ ಸಂದು ಸಿಗುತ್ತಾ?" ಅಂದ ಅಪ್ಪ.

ಸಿಗಲಿಲ್ಲ. ಬದುಕಿಡೀ ಊರವರ ಗೋಡೆ ಮುಚ್ಚಿದ ಕೈ ಅಪ್ಪನದು.

ಆದರೆ ಬಿಸಿಲು ತಡೆಯಲು ಹಲಗೆಯ ಒಳಗೆ ತುಂಬಿದ ಪದರವನ್ನು ನಗರಸಭೆಯ ಕಟ್ಟಡ ಇನ್‌ಸ್ಪೆಕ್ಟರ್ ಇನ್ನೂ ನೋಡಿರಲಿಲ್ಲ. "ಇಂಧನ ಉಳಿತಾಯದ ನಿಯಮ ಮೇಡಂ, ಕಣ್ಣಾರೆ ನೋಡ್ದೆ ಸಹಿ ಹಾಕಲ್ಲ. ಹಲಗೆ ಬಿಚ್ಚಿಸಿ," ಅಂದ ಇವತ್ತು.

ಊಟಕ್ಕೆ ಕರೆಯುವ ನೆಪದಲ್ಲಿ ಹೇಳಿಬಿಡೋಣವೆಂದು ಹೋದೆ. ಅಪ್ಪ ಅದೇ ಗೋಡೆಗೆ ನಾವು ಪ್ರಾರ್ಥಿಸುವ ಗ್ವಾಡಲುಪೆ ಮಾತೆಯ ಪಟ ಹಿಡಿದು ನಿಂತಿದ್ದ.

"ನೆಟ್ಟಗಿದ್ಯೇನೇ?"

"ಸ್ವಲ್ಪ ಎಡಕ್ಕೆ, ಅಪ್ಪ," ಅಂದು ಮೊಳೆ ಎತ್ತಿಕೊಟ್ಟೆ.